ನರ್ಸ್ ಆಗುವವರು ಸಂಶೋಧನೆಯನ್ನು ಏಕೆ ಓದಬೇಕು? ಅನುಭವ ಸಾಲದೇ?

ನೀವು ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದೀರಿ. ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರದ ಪಾಠ ತಲೆಗೆ ಹತ್ತುತ್ತಿಲ್ಲ, ವೈದ್ಯರ ಆದೇಶದಂತೆ ನಡೆಯುವ ನರ್ಸ್‌ಗೆ ಇದೆಲ್ಲ ಏಕೆ, ವಾರ್ಡಿನ ಅನುಭವ ಸಾಲದೇ ಎಂದು ಕೇಳಿದ್ದೀರಿ. ನಾನು ಹದಿನಾರು ವರ್ಷಗಳಿಂದ ಹೆರಿಗೆ ವಿಭಾಗದಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಅನುಭವ ಸಾಲದು ಎಂದು ನನಗೆ ಮನವರಿಕೆಯಾದ ರಾತ್ರಿಯಿಂದಲೇ ಶುರುಮಾಡುತ್ತೇನೆ.

ಆಗ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಮೂರನೆಯ ಹೆರಿಗೆಗೆ ಬಂದಿದ್ದ ಹೆಂಗಸು, ಹಿಮೋಗ್ಲೋಬಿನ್ ಎಂಟರ ಆಸುಪಾಸು, ಅಂದರೆ ರಕ್ತ ಕಡಿಮೆ. ಹೆರಿಗೆ ಸುಲಭವಾಗಿ ಆಯಿತು, ಮಾಸು ಪೂರ್ತಿಯಾಗಿ ಬಿತ್ತು. ಕೇಸ್ ಶೀಟ್‌ನಲ್ಲಿ ರಕ್ತಸ್ರಾವ ಎಂಬಲ್ಲಿ 250 ಮಿ.ಲೀ. ಎಂದು ಬರೆದೆ. ನಾನು ಅದನ್ನು ಅಳೆದಿರಲಿಲ್ಲ. ನಮ್ಮಲ್ಲಿ ಯಾರೂ ಅಳೆಯುತ್ತಿರಲಿಲ್ಲ. ಟೇಬಲ್ಲಿನ ಕೆಳಗಿನ ಬಕೆಟ್, ನೆನೆದ ಬಟ್ಟೆ, ನೆಲಕ್ಕೆ ಚೆಲ್ಲಿದ್ದು ಎಲ್ಲದರ ಮೇಲೆ ಒಮ್ಮೆ ಕಣ್ಣಾಡಿಸುವುದು. ಮಾಮೂಲಿ ಅನಿಸಿದರೆ 250, ತುಸು ಜಾಸ್ತಿ ಅನಿಸಿದರೆ 300. ಹಳೆಯ ಕೇಸ್ ಶೀಟ್‌ಗಳನ್ನು ತಿರುವಿದರೆ ಪುಟ ಪುಟಕ್ಕೂ ಇವೆರಡೇ ಅಂಕಿಗಳು.

ಮುಕ್ಕಾಲು ಗಂಟೆಯ ನಂತರ ಆಕೆ, "ಸಿಸ್ಟರ್, ಬಾಯಿ ಒಣಗುತ್ತಿದೆ, ಸ್ವಲ್ಪ ನೀರು ಕೊಡಿ" ಎಂದಳು. ಕೈ ಹಿಡಿದರೆ ತಣ್ಣಗಿತ್ತು, ಬೆವರುತ್ತಿತ್ತು. ನಾಡಿ 130. ಹೊದಿಕೆ ಸರಿಸಿ ನೋಡಿದೆ. ಸೊಂಟದ ಕೆಳಗಿನ ಬಟ್ಟೆಯ ಮಡಿಕೆಗಳಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿತ್ತು. ಧಾರೆಯಾಗಿ ಹರಿದಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಇದು ಸದ್ದಿಲ್ಲದೆ ಸೋರಿತ್ತು. ಗರ್ಭಕೋಶವನ್ನು ಉಜ್ಜುತ್ತಾ, ಡ್ರಿಪ್ ಹಾಕಿ, ವೈದ್ಯರನ್ನು ಎಬ್ಬಿಸಿ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ರಕ್ತ ಕೊಟ್ಟ ಮೇಲೆ ಬದುಕಿಕೊಂಡಳು. ಎಳೆಯ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಆಂಬುಲೆನ್ಸ್ ಹತ್ತಿದ ಅವಳ ಅತ್ತೆಯ ಮುಖ ನನ್ನ ಕಣ್ಣ ಮುಂದಿನಿಂದ ಇನ್ನೂ ಹೋಗಿಲ್ಲ.

ಆ ರಾತ್ರಿ ನಾವು ಯಾರೂ ಸೋಮಾರಿಗಳಾಗಿರಲಿಲ್ಲ. ನನ್ನ ಜೊತೆಗಿದ್ದ ಹಿರಿಯ ಸಿಸ್ಟರ್ ಸಾವಿರಾರು ಹೆರಿಗೆ ಮಾಡಿಸಿದವರು, ಅವರೂ ನನ್ನ ಅಂದಾಜಿಗೆ ತಲೆಯಾಡಿಸಿದ್ದರು. ಹೆಚ್ಚಿನ ಬಾಣಂತಿಯರು 600 ಮಿ.ಲೀ. ಹೋದರೂ ಸುಧಾರಿಸಿಕೊಂಡು ಮನೆಗೆ ಹೋಗುತ್ತಾರೆ, ಕಾಗದದಲ್ಲಿ 250 ಎಂದೇ ಉಳಿಯುತ್ತದೆ. ಹಾಗಾಗಿ ಎಷ್ಟು ವರ್ಷ ದುಡಿದರೂ ಕಣ್ಣಿಗೆ ತನ್ನ ತಪ್ಪು ಗೊತ್ತಾಗುವುದಿಲ್ಲ. ತಪ್ಪಿನ ಮೇಲೆ ಧೈರ್ಯ ಮಾತ್ರ ಬೆಳೆಯುತ್ತದೆ.

ಇದನ್ನು ಅಳೆದು ತೋರಿಸಿದ ಕೆಲಸ ನಮ್ಮ ಬೆಳಗಾವಿಯಲ್ಲೇ ನಡೆದಿದೆ. ನಿಮ್ಮ ಪಠ್ಯಪುಸ್ತಕದಲ್ಲಿ ಇದು ಇದೆಯೋ ಇಲ್ಲವೋ, ಇರಲೇಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ, ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಗೆರೆ ಹಾಕಿದ ಚೀಲವಿರುವ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಳಕೆಗೆ ತಂದರು. ಅದರ ಅಳತೆಗೆ ಹೋಲಿಸಿದಾಗ ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಇತ್ತು.

ಅದೇ ಹಾಳೆಯನ್ನು ಇಟ್ಟುಕೊಂಡು ಇನ್ನೂ ದೊಡ್ಡ ಪ್ರಶ್ನೆ ಕೇಳಿದರು. ಹೆರಿಗೆಯಾದ ಕೂಡಲೇ ಗರ್ಭಕೋಶ ಬಿಗಿಯಾಗಲು ನಾವು ಆಕ್ಸಿಟೋಸಿನ್ ಕೊಡುತ್ತೇವೆ. ಅದಕ್ಕೆ ಫ್ರಿಜ್ ಬೇಕು, ಸೂಜಿ ಬೇಕು. ಹಳ್ಳಿಯ ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುವ ಎ.ಎನ್.ಎಂ. (ಹಳ್ಳಿಗಳಲ್ಲಿ ಕೆಲಸ ಮಾಡುವ ಸಹಾಯಕ ನರ್ಸ್) ಏನು ಮಾಡಬೇಕು? ಬಾಯಲ್ಲಿ ನುಂಗುವ ಮಿಸೊಪ್ರೊಸ್ಟಾಲ್ ಮಾತ್ರೆ ನೆರವಾದೀತೇ? 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಹೆಂಗಸರನ್ನು ಸೇರಿಸಿಕೊಂಡು ಪರೀಕ್ಷಿಸಿದರು. ಅರ್ಧದಷ್ಟು ಮಂದಿಗೆ ಔಷಧ, ಉಳಿದವರಿಗೆ ನೋಡಲು ಹಾಗೆಯೇ ಇರುವ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ಕೊಡುವವರಿಗೂ ತಿಳಿಯದು, ನುಂಗುವವರಿಗೂ ತಿಳಿಯದು. ಮಾತ್ರೆ ಕೊಟ್ಟವರು, ಚೀಲದ ಗೆರೆ ಓದಿ ಬರೆದವರು ಎಲ್ಲರೂ ಎ.ಎನ್.ಎಂ.ಗಳು. ಔಷಧವಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವ (500 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚು) ಆಯಿತು, ಔಷಧ ಪಡೆದವರಲ್ಲಿ 6.4. ನಿಮ್ಮನ್ನು ಹೆದರಿಸುತ್ತಿರುವ ಸಂಖ್ಯಾಶಾಸ್ತ್ರ ಇಲ್ಲಿ ಮಾಡಿದ್ದು ಒಂದು ಕಳೆಯುವ ಲೆಕ್ಕ, ಒಂದು ಭಾಗಿಸುವ ಲೆಕ್ಕ: 12ರಿಂದ 6.4 ಕಳೆದರೆ 5.6, 100ನ್ನು 5.6ರಿಂದ ಭಾಗಿಸಿದರೆ ಸುಮಾರು 18. ಅಂದರೆ ಹದಿನೆಂಟು ಬಾಣಂತಿಯರಿಗೆ ಮಾತ್ರೆ ಕೊಟ್ಟರೆ ಒಬ್ಬಳ ಅತಿ ರಕ್ತಸ್ರಾವ ತಪ್ಪುತ್ತದೆ. ಆ ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಯಾವುದೋ ಹಳ್ಳಿಯ ಮನೆಯ ನಡುಕೋಣೆಯಲ್ಲಿ ಕೂತು ಗೆರೆ ಓದಿದ ನಮ್ಮಂಥ ಹೆಂಗಸರ ಬರಹದ ಮೇಲೆ ಇದೆಲ್ಲ ನಿಂತಿದೆ ಎಂದು ನೆನೆದಾಗ ನನಗೆ ಎದೆ ತುಂಬಿ ಬರುತ್ತದೆ.

ಆ ಅಧ್ಯಯನದಿಂದ ಇನ್ನೊಂದು ಉಪಯೋಗವಿದೆ. ಈ ಮಾತ್ರೆಯಿಂದ ಕೆಲವರಿಗೆ ಚಳಿ, ನಡುಕ, ಜ್ವರ ಬಂದು ಹೋಗುತ್ತದೆ ಎಂಬುದೂ ಅಲ್ಲಿ ದಾಖಲಾಗಿದೆ. ಬಾಣಂತಿ ನಡುಗಿದಾಗ ಮನೆಯವರು ಗಾಬರಿಯಾಗುತ್ತಾರೆ. ಮೊದಲೇ ಹೇಳಿಟ್ಟಿದ್ದರೆ ಕಂಬಳಿ ಹೊದಿಸಿ ಪಕ್ಕದಲ್ಲಿ ಕೂರುತ್ತಾರೆ.

ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನ ಇದೇ ಜಾಡಿನದು. ಅಲ್ಲಿ ಗೆರೆಯುಳ್ಳ ಹಾಳೆಯಿಂದ ಅಳೆದು, ಮಿತಿ ದಾಟಿದ ಕೂಡಲೇ ಗರ್ಭಕೋಶದ ಮಸಾಜು, ಗರ್ಭಕೋಶ ಬಿಗಿಯಾಗಿಸುವ ಔಷಧ, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರನೆಕ್ಸಾಮಿಕ್ ಆ್ಯಸಿಡ್, ಡ್ರಿಪ್, ರಕ್ತ ಎಲ್ಲಿಂದ ಬರುತ್ತಿದೆ ಎಂಬ ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ, ಅದರಿಂದಾಗುವ ಸಾವು ಇವು ಒಟ್ಟಾರೆ ಶೇ. 60ರಷ್ಟು ತಗ್ಗಿದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಕಿ. ಹಳೆಯ ರೂಢಿಯಂತೆ ನಡೆದ ಆಸ್ಪತ್ರೆಗಳಲ್ಲಿ ಅತಿ ರಕ್ತಸ್ರಾವದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಯಾರ ಗಮನಕ್ಕೂ ಬಂದಿರಲಿಲ್ಲ. ಅಳೆದ ಕಡೆ ಶೇ. 93 ಗಮನಕ್ಕೆ ಬಂದವು. ಓದಿದಾಗ ನನ್ನ ಆ 250 ನೆನಪಾಯಿತು.

ಈಗ ನಮ್ಮಲ್ಲಿ ಮಗು ಹುಟ್ಟಿ, ಗರ್ಭದ ನೀರು ಹರಿದು ಹೋದ ಮೇಲೆ ಹಾಳೆ ಹಾಸುತ್ತೇವೆ. ನೀರು ಹೋಗುವ ಮುನ್ನ ಹಾಸಿದರೆ ಅಳತೆಗೆ ಅರ್ಥವಿಲ್ಲ. ಹಾಳೆ ಮುಗಿದ ದಿನ ಪ್ಯಾಡ್‌ಗಳನ್ನು ತೂಗುತ್ತೇವೆ. ಒಣ ಪ್ಯಾಡಿನ ತೂಕ ಕಳೆದ ಮೇಲೆ ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಮಿ.ಲೀ. ತಕ್ಕಡಿ ತಂದ ಮೊದಲ ವಾರ "ಇದೇನು ತರಕಾರಿ ಅಂಗಡಿಯೇ?" ಎಂದವರೂ ಇದ್ದರು. ಒಂದು ಬೆಳಗಿನ ಜಾವ ಎಲ್ಲರೂ 300 ಎಂದ ಪ್ಯಾಡ್‌ಗಳು 540 ತೂಗಿದವು. ಅಂದಿನಿಂದ ಆ ಮಾತು ಕೇಳಿಲ್ಲ.

ವೈದ್ಯರ ಆದೇಶದ ಮಾತಿಗೆ ಬರುತ್ತೇನೆ. ಆದೇಶ ಬರುವುದು ನೀವು ಕೊಟ್ಟ ಸುದ್ದಿಯ ಮೇಲೆ. ಮಧ್ಯರಾತ್ರಿ ಫೋನ್ ಮಾಡಿ "ಸ್ವಲ್ಪ ಬ್ಲೀಡಿಂಗ್ ಇದೆ ಸರ್" ಎಂದರೆ "ನೋಡುತ್ತಿರಿ" ಎಂಬ ಉತ್ತರ ಬರುತ್ತದೆ. "450 ಆಗಿದೆ, ನಾಡಿ 120, ಗರ್ಭಕೋಶ ಮೆತ್ತಗಿದೆ" ಎಂದರೆ ಅವರು ಚಪ್ಪಲಿ ಹಾಕಿಕೊಳ್ಳುತ್ತಾ ಮಾತಾಡುತ್ತಾರೆ. ಟ್ರನೆಕ್ಸಾಮಿಕ್ ಆ್ಯಸಿಡ್ ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನ ಎಂದು 20,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ವುಮನ್ ಅಧ್ಯಯನ ತೋರಿಸಿದೆ. ಆ ಗಡಿಯಾರವನ್ನು ನೋಡುವವರು ನಾವೇ.

ಚೊಚ್ಚಲ ಹೆರಿಗೆ ಎಂದರೆ ಯೋನಿದ್ವಾರಕ್ಕೆ ಕತ್ತರಿ ಹಾಕಲೇಬೇಕು, ಎಲ್ಲರಿಗೂ ಎನಿಮಾ ಕೊಡಬೇಕು, ಕೂದಲು ತೆಗೆಯಬೇಕು, ಹೊಕ್ಕುಳಬಳ್ಳಿಯನ್ನು ತಕ್ಷಣ ಕತ್ತರಿಸಬೇಕು ಎಂದೆಲ್ಲ ನನಗೆ ಕಲಿಸಿದ್ದರು. ಇವು ಯಾವುವೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಕಲಿಸಿದವರು ಒಳ್ಳೆಯ ಮನಸ್ಸಿನವರೇ, ಅವರಿಗೂ ಯಾರೋ ಹಾಗೆ ಕಲಿಸಿದ್ದರು.

ಪಾಠ ನೀರಸವಾಗಿದೆ ಎಂಬ ನಿಮ್ಮ ದೂರು ಸುಳ್ಳಲ್ಲ. ಕಾಲೇಜುಗಳಲ್ಲಿ ವರ್ಷ ವರ್ಷ ಅದದೇ ಪ್ರಾಜೆಕ್ಟ್: ಯಾವುದೋ ವಿಷಯದ ಬಗ್ಗೆ ಅರವತ್ತು ಜನರ ತಿಳಿವಳಿಕೆ, ಪಾಠಕ್ಕೆ ಮುಂಚೆ ಒಂದು ಪ್ರಶ್ನಾವಳಿ, ಪಾಠದ ನಂತರ ಅದೇ ಪ್ರಶ್ನಾವಳಿ. ಅಂಕ ಹೆಚ್ಚುತ್ತದೆ, ವಾರ್ಡಿನಲ್ಲಿ ಏನೂ ಬದಲಾಗುವುದಿಲ್ಲ. ನಿಮ್ಮ ಗೈಡ್ ಒಪ್ಪಿದರೆ ಬೇರೆ ದಾರಿ ಹಿಡಿಯಿರಿ. ಹೆರಿಗೆ ಕೋಣೆಯ ಪೋಸ್ಟಿಂಗ್ ಬಂದಾಗ, ಆಸ್ಪತ್ರೆಯ ಮತ್ತು ನೈತಿಕ ಸಮಿತಿಯ ಅನುಮತಿ ಪಡೆದು, ಪ್ರತಿ ಹೆರಿಗೆಯ ನಂತರ ಮೊದಲು ಕಣ್ಣಂದಾಜು ಬರೆಯಿರಿ, ಆಮೇಲೆ ತೂಗಿ ಅದನ್ನೂ ಬರೆಯಿರಿ. ಬಾಣಂತಿಯ ಹೆಸರು ಬೇಡ, ಎರಡು ಅಂಕಿಗಳು ಸಾಕು. ಹಿರಿಯ ಸಿಸ್ಟರ್‌ಗಳ ಅಂದಾಜನ್ನೂ ಕೇಳಿ ಪಕ್ಕದಲ್ಲಿ ಬರೆದುಕೊಳ್ಳಿ. ಮೂವತ್ತು ಹೆರಿಗೆಗಳಾದ ಮೇಲೆ ಆ ಅಂಕಿಗಳ ಪಟ್ಟಿಯನ್ನು ಅವರ ಮುಂದೆಯೇ ಬಿಡಿಸಿ, ಜೊತೆಗೆ ಕೂತು ನೋಡಿ.