ಬೇಸಿಗೆಯಲ್ಲಿ ಹೊರಗೋಡೆ ಮೇಲೆ ಓಡಾಡುವ ಸಣ್ಣ ಕೆಂಪು ಹುಳ ಯಾವುದು? ಯಾವ ಔಷಧಿ ಹೊಡೆಯಬೇಕು?

ಮೊದಲು ಕೈಯಲ್ಲಿರುವ ಬಟ್ಟೆ ಕೆಳಗಿಡಿ. ಒಂದನ್ನೂ ಒರೆಸಬೇಡಿ.

ಐದು ವರ್ಷದ ಹಿಂದೆ ನಮ್ಮ ಹೊರಗೋಡೆಗೆ ಬಿಳಿ ಬಣ್ಣ ಹೊಡೆಸಿ ಎರಡು ವಾರ ಆಗಿತ್ತು ಅಷ್ಟೇ. ಮಧ್ಯಾಹ್ನ ಬಟ್ಟೆ ಒಣಹಾಕಲು ಹೋದರೆ, ಬಿಸಿಲು ಬಿದ್ದ ಗೋಡೆ ತುಂಬ ಕುಂಕುಮ ಎರಚಿದ ಹಾಗಿತ್ತು. ಹತ್ತಿರ ಹೋದೆ. ಆ ಕುಂಕುಮ ಓಡಾಡುತ್ತಿತ್ತು! ಒಂದೊಂದೂ ಹೆಚ್ಚೆಂದರೆ 1 ಮಿಲಿಮೀಟರ್.

ಒದ್ದೆ ಬಟ್ಟೆ ತಂದು ಜೋರಾಗಿ ಉಜ್ಜಿದೆ. ನಾನು ಮಾಡಿದ ತಪ್ಪು ಇದೇ. ಉಜ್ಜಿದಲ್ಲೆಲ್ಲ ಕೆಂಪು ಗೆರೆ ಮೂಡಿತು. ಗೆರೆ ಹೋಗಲಿ ಅಂತ ಇನ್ನಷ್ಟು ಉಜ್ಜಿದೆ, ಅದು ಅಂಗೈ ಅಗಲದ ಕಲೆಯಾಯಿತು. ಆ ಕೆಂಪನ್ನು ನೋಡಿ ರಕ್ತ ಅಂದುಕೊಂಡೆ. ರಕ್ತ ಇದೆ ಅಂದಮೇಲೆ ಯಾರನ್ನೋ ಕಚ್ಚಿರಬೇಕು ಅಲ್ವಾ? ಮಗಳ ಕುತ್ತಿಗೆ ಮೇಲೆ ಆ ವಾರ ಗುಳ್ಳೆ ಎದ್ದಿದ್ದವು. ತಿಗಣೆಯೇ ಇರಬೇಕು ಅಂತ ಹಾಸಿಗೆಯೆಲ್ಲ ಕಿತ್ತು ಹೊರಗೆ ಹಾಕಿದೆ. ಮನೆ ಒಳಗೂ ಹೊರಗೂ ಜಿರಲೆ ಸ್ಪ್ರೇ ಹೊಡೆದೆ. ಆ ವಾಸನೆಗೆ ಮಗು ಎರಡು ರಾತ್ರಿ ಕೆಮ್ಮಿತು. ಡಾಕ್ಟರು ಕುತ್ತಿಗೆ ನೋಡಿ ಬರೀ ಬೆವರುಗುಳ್ಳೆ ಅಂದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಕೊನೆಗೆ ಕೀಟಗಳ ಬಗ್ಗೆ ಓದುತ್ತಿದ್ದ ನನ್ನ ಅಕ್ಕನ ಮಗ ಬಂದ. ಪಾರದರ್ಶಕ ಟೇಪನ್ನು ಮೆಲ್ಲಗೆ ಒತ್ತಿ ಒಂದನ್ನು ಎತ್ತಿ, ಭೂತಗನ್ನಡಿ ಕೊಟ್ಟ. ಮೈ ತುಂಬ ಸಣ್ಣ ಕೂದಲು, ಎಂಟು ಕಾಲು. "ಚಿಕ್ಕಮ್ಮ, ಇದು ಕೀಟವೇ ಅಲ್ಲ. ಜೇಡದ ನೆಂಟ" ಅಂದ. ಹೆಸರು ಬಲಾಸ್ಟಿಯಂ, ಮೈಟ್ ಜಾತಿ, ನಮ್ಮ ಮಾತಲ್ಲಿ ನುಸಿ. ಗಾಳಿಯಲ್ಲಿ ಬಂದು ಗೋಡೆ ಮೇಲೆ ಕೂತ ಹೂವಿನ ಪರಾಗವನ್ನೂ ಪುಟಾಣಿ ಕೀಟಗಳನ್ನೂ ತಿನ್ನುತ್ತದೆ. ಆ ಕೆಂಪು ಅದರ ಮೈಯದೇ ಬಣ್ಣ, ಯಾರ ರಕ್ತವೂ ಅಲ್ಲ. ಅಪರೂಪಕ್ಕೆ ಕೆಲವರಿಗೆ ಚರ್ಮ ಕೆರೆದದ್ದುಂಟು, ಆದರೆ ಇದು ರಕ್ತ ಹೀರಿ ಬದುಕುವ ಜಾತಿಯಲ್ಲ.

ಹಾಗಾಗಿ 'ಯಾವ ಔಷಧಿ' ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೀಟಕ್ಕೆಂದು ಮಾಡಿದ ಎಷ್ಟೋ ಔಷಧಿ ಮೈಟ್‌ಗೆ ಸರಿಯಾಗಿ ನಾಟುವುದಿಲ್ಲ. ಅವು ಕೆಲವು ವಾರ ಇದ್ದು ತಾವೇ ಕಾಣೆಯಾಗುತ್ತವೆ. ಸುಮ್ನೆ ಯಾಕೆ ಮನೆಯವರ ಉಸಿರಿಗೆ ವಿಷ ಸೇರಿಸಬೇಕು? ತೀರಾ ಜಾಸ್ತಿ ಅನಿಸಿದರೆ ಪೈಪಿನಿಂದ ನೀರು ಹಾಯಿಸಿ. ಗೋಡೆಗೆ ಏನನ್ನೂ ತಾಗಿಸಬೇಡಿ.

ನಿಮ್ಮದು ಅದೇನಾ ಅಂತ ಮಾತ್ರ ನೋಡಿಕೊಳ್ಳಿ. ಕಡುಗೆಂಪು, ಬಿಸಿಲಲ್ಲಿ ಗೊತ್ತುಗುರಿ ಇಲ್ಲದೆ ಓಡಾಟ ಅಂದರೆ ಬಹುತೇಕ ಅದೇ. ಬಣ್ಣ ಕಂದು ಕಡೆಗಿದ್ದು, ಮುಂದಿನ ಎರಡು ಕಾಲು ಮೀಸೆಯಂತೆ ಉದ್ದ ಚಾಚಿದ್ದರೆ ಅದು ಕ್ಲೋವರ್ ಮೈಟ್. ಅದು ಹುಲ್ಲಿನ ರಸ ಕುಡಿಯುತ್ತದೆ, ಕಿಟಕಿ ಸಂದಿಯಿಂದ ಒಳಗೂ ಬರುತ್ತದೆ. ಗೋಡೆ ಬುಡದಿಂದ ಎರಡು ಅಡಿ ಹುಲ್ಲು ತೆಗೆದರೆ ಕಡಿಮೆಯಾಗುತ್ತದೆ. ಗಿಡದ ಎಲೆಯಡಿ ನವಿರಾದ ಬಲೆ ಇದ್ದರೆ ಜೇಡನುಸಿ. ಅದು ಗಿಡಕ್ಕೆ ಕಾಟ, ನಿಮಗಲ್ಲ. ತಿಗಣೆಯಂತೂ ಇದಕ್ಕಿಂತ ನಾಲ್ಕೈದು ಪಟ್ಟು ದೊಡ್ಡದು, ಕಾಲು ಆರೇ.

ಹೊರಗೆ ಒಣಗಿದ ಬಿಳಿ ಬಟ್ಟೆ ಒಳಗೆ ತರುವ ಮುಂಚೆ ಒಮ್ಮೆ ಚೆನ್ನಾಗಿ ಕೊಡವಿ. ಮಡಿಕೆಯೊಳಗೆ ಒಂದು ಸಿಕ್ಕಿಬಿದ್ದು ಅಪ್ಪಚ್ಚಿಯಾದರೂ ಸಾಕು, ಅದೇ ಕೆಂಪು ಕಲೆ.