ಬೇಳೆ ಮಿಲ್ ಇಂಟರ್‌ಲಾಕ್ ಬೋರ್ಡ್‌ಗೆ ಅಗ್ಗದ ಲಾಜಿಕ್ ಚಿಪ್ ಯಾವುದು?

ನಿಮಗೆ ಬೇಕಾದದ್ದು ಇಷ್ಟು: ಆರು ಸ್ಪೀಡ್ ಸ್ವಿಚ್ (ಯಂತ್ರ ತಿರುಗುತ್ತಿದೆಯಾ ಅಂತ ಹೇಳುವವು), ನಾಲ್ಕು ಮೋಟಾರ್, ಬೋರ್ಡ್ ಪೂರ್ತಿ 5 ವೋಲ್ಟ್, ನೂರು ಪೀಸ್. ಕಾಳು ಮೇಲೆತ್ತುವ ಎಲಿವೇಟರ್ ನಿಂತರೆ ಅದಕ್ಕೆ ಕಾಳು ಸುರಿಯುವ ಫೀಡರ್ ತಾನಾಗಿ ನಿಲ್ಲಬೇಕು, ಮೈಕ್ರೋಕಂಟ್ರೋಲರ್ ಹ್ಯಾಂಗ್ ಆಗಿದ್ದರೂ ಸರಿ. ಇದಕ್ಕೆ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದುಕೊಳ್ಳುವ ದೊಡ್ಡ ಚಿಪ್) ಹಾಕಲಾ ಅಂತ ಕೇಳಿದ್ದೀರಿ. ಬೇಡ. ಇಲಿ ಹಿಡಿಯೋಕೆ ಗುಡ್ಡ ಅಗೆದ ಹಾಗಾಗುತ್ತದೆ.

ನಾನು ಕಲಬುರಗಿಯಲ್ಲಿ, ಕಪನೂರು ಕಡೆಯ ಮಿಲ್‌ಗಳಿಗೆ ಇಂಥದ್ದೇ ಬೋರ್ಡ್ ಮಾಡಿಕೊಡುತ್ತೇನೆ. ಮೊದಲು ನನಗೂ ಲ್ಯಾಟಿಸ್ ಕಂಪನಿಯ ಐಸ್40 ಎಫ್‌ಪಿಜಿಎ ಮೇಲೆ ಆಸೆ ಇತ್ತು. ಚಿಪ್ ಅಗ್ಗ, ಅದಕ್ಕೆ ಬೇಕಾದ ಸಾಫ್ಟ್‌ವೇರ್ ಯೋಸಿಸ್ ಮತ್ತು ನೆಕ್ಸ್ಟ್‌ಪಿಎನ್‌ಆರ್ ಪುಕ್ಕಟೆ. ಆದರೆ ಅದಕ್ಕೆ 1.2 ವೋಲ್ಟ್ ಸಪ್ಲೈ ಬೇರೆ, 3.3 ವೋಲ್ಟ್ ಸಪ್ಲೈ ಬೇರೆ. ಒಳಗಿನ ಮೆಮೊರಿಗೆ ಒಂದೇ ಸಲ ಬರೆಯಬಹುದು, ಹಾಗಾಗಿ ಹೊರಗೊಂದು ಫ್ಲ್ಯಾಶ್ ಮೆಮೊರಿ. 5 ವೋಲ್ಟ್ ಸೀದಾ ಕೊಟ್ಟರೆ ತಡೆಯಲ್ಲ, ವೋಲ್ಟೇಜ್ ಇಳಿಸಿ ಕೊಡುವ ಲೆವೆಲ್ ಶಿಫ್ಟರ್ ಬೇಕು. ಮೂಗಿಗಿಂತ ಮೂಗುತಿ ಭಾರ ಆಯ್ತಲ್ವಾ? ಗೋವಿನ್ ಕಂಪನಿಯ ಜಿಡಬ್ಲ್ಯು1ಎನ್ ಎಫ್‌ಪಿಜಿಎಯಲ್ಲಿ ಫ್ಲ್ಯಾಶ್ ಒಳಗೇ ಇದೆ, ಆದರೆ 5 ವೋಲ್ಟ್ ತಲೆನೋವು ಅದಕ್ಕೂ ತಪ್ಪಿದ್ದಲ್ಲ.

ನನ್ನ ಆಯ್ಕೆ ಮೈಕ್ರೋಚಿಪ್ ಕಂಪನಿಯ ಎಟಿಎಫ್1502ಎಎಸ್, ಎಫ್‌ಪಿಜಿಎಗಿಂತ ಚಿಕ್ಕ ಲಾಜಿಕ್ ಚಿಪ್. ಒಂದೇ 5 ವೋಲ್ಟ್ ಸಪ್ಲೈ, ಜೆಟ್ಯಾಗ್ ಅನ್ನೋ ನಾಲ್ಕು ತಂತಿಯ ಕನೆಕ್ಷನ್‌ನಲ್ಲಿ ಬೋರ್ಡ್ ಮೇಲೇ ಪ್ರೋಗ್ರಾಮ್ ಮಾಡಬಹುದು, ಪಿಎಲ್‌ಸಿಸಿ ಅನ್ನೋ ಚೌಕ ಸಾಕೆಟ್‌ನಲ್ಲಿ ಕೂರುತ್ತದೆ. ಇದಕ್ಕೆ ಲಾಜಿಕ್ ಬರೆಯುವ ವಿನ್‌ಕ್ಯುಪಲ್ ಹಳೇ ಕಾಲದ ಸಾಫ್ಟ್‌ವೇರ್, ಆಗಾಗ ಮುನಿಸಿಕೊಳ್ಳುತ್ತದೆ, ಆದರೆ ದುಡ್ಡು ಕೊಡಬೇಕಿಲ್ಲ.

ಸಾಲುತ್ತಾ ಅಂತ ಎಣಿಸಿ ನೋಡಿ. ಇದರಲ್ಲಿ 32 ಮ್ಯಾಕ್ರೋಸೆಲ್, ಅಂದರೆ ಲಾಜಿಕ್ ಕೂರುವ ಮನೆಗಳು. ಒಂದು ಫ್ಲಿಪ್‌ಫ್ಲಾಪ್‌ಗೆ (ಒಂದು ಬಿಟ್ ನೆನಪಿಡುವ ಸರ್ಕ್ಯೂಟ್) ಒಂದು ಮನೆ ಅಂತ ಹಿಡಿಯಿರಿ. ಮೋಟಾರ್ ಆನ್-ಆಫ್ ಮಾಡುವ ಕಾಂಟ್ಯಾಕ್ಟರ್ ಬಿದ್ದಾಗಲೆಲ್ಲ ಲೈನಿನಲ್ಲಿ ಸ್ಪೈಕ್, ಅಂದರೆ ಕ್ಷಣದ ವೋಲ್ಟೇಜ್ ಏರಿಳಿತ ಬರುತ್ತದೆ. ಅದಕ್ಕೇ ನಾನು ಪ್ರತಿ ಸ್ವಿಚ್ ಅನ್ನು ಮೂರು ಸಲ ನೋಡುತ್ತೇನೆ, ಮೂರೂ ಸಲ ಸೊನ್ನೆ (ನಿಂತಿದೆ ಅಂತ) ಬಂದರೆ ಮಾತ್ರ ಟ್ರಿಪ್. ಆರು ಸ್ವಿಚ್‌ಗೆ ಮೂರರಂತೆ 18. ನಾಲ್ಕು ಔಟ್‌ಪುಟ್ ಸೇರಿ 22. ಇನ್ನೂ ಹತ್ತು ಉಳಿಯಿತು. ಕ್ಲಾಕ್‌ಗೆ ಒಂದು 555 ಟೈಮರ್ ಚಿಪ್ ಸಾಕು, 100 ಹರ್ಟ್ಸ್ ಇಟ್ಟರೆ 30 ಮಿಲಿಸೆಕೆಂಡ್ ಒಳಗೆ ನಿರ್ಧಾರ. ಎಟಿಎಫ್22ವಿ10ಸಿ ಇನ್ನೂ ಸರಳ ಚಿಪ್, ಆದರೆ ಅದರಲ್ಲಿ ಹತ್ತೇ ಮ್ಯಾಕ್ರೋಸೆಲ್. ಈ ಲೆಕ್ಕಕ್ಕೆ ಸಾಲಲ್ಲ.

ಹಳೇ ಪಾಠಗಳಲ್ಲಿ ಎಕ್ಸ್‌ಸಿ9572ಎಕ್ಸ್‌ಎಲ್ ಅನ್ನೋ ಇದೇ ಜಾತಿಯ ಚಿಪ್ ಹಾಕಿ ಅಂತಾರೆ. 2024ರಲ್ಲಿ ಎಎಮ್‌ಡಿ ಅದನ್ನು ನಿಲ್ಲಿಸಿತು. ಈಗ ಅಗ್ಗಕ್ಕೆ ಸಿಗುವ ಮಾಲನ್ನು ಹುಷಾರಾಗಿ ನೋಡಿ. ನಾನು ಒಮ್ಮೆ ಅಂಗಡಿಯೊಂದರಿಂದ ಇಪ್ಪತ್ತು ಲಾಜಿಕ್ ಚಿಪ್ ತಂದಿದ್ದೆ. ಮೂರು ಜೆಟ್ಯಾಗ್‌ಗೆ ಉತ್ತರವನ್ನೇ ಕೊಡಲಿಲ್ಲ. ಲೆನ್ಸ್ ಇಟ್ಟು ನೋಡಿದರೆ ಮೇಲಿನ ಬರಹ ಉಜ್ಜಿ ಹೊಸದಾಗಿ ಒತ್ತಿದ್ದರು. ಸುಮ್ನೆ ಎರಡು ವಾರ ಹೋಯಿತು.

ಕೊಳ್ಳುವಾಗ ಇಂಡಸ್ಟ್ರಿಯಲ್ ಗ್ರೇಡ್ ಕೇಳಿ, 85 ಡಿಗ್ರಿವರೆಗಿನದು. ಕಮರ್ಷಿಯಲ್ 70ಕ್ಕೇ ಮುಗಿಯುತ್ತದೆ. ಮೇ ತಿಂಗಳಲ್ಲಿ ತಗಡಿನ ಶೆಡ್ಡು, ಅದರೊಳಗೆ ಮುಚ್ಚಿದ ಡಬ್ಬಿ. ನಮ್ಮ ಕಡೆ ಬಿಸಿಲು ನಿಮಗೆ ಹೇಳಬೇಕಾ!

ಇನ್ನೊಂದು, ಎಮರ್ಜೆನ್ಸಿ ಸ್ಟಾಪ್ ಬಟನ್ ಈ ಚಿಪ್ ಮೂಲಕ ಹೋಗೋದು ಬೇಡ. ಆ ವೈರ್ ಸೀದಾ ಕಾಂಟ್ಯಾಕ್ಟರ್ ಕಾಯಿಲ್ ಲೈನಿನಲ್ಲೇ ಇರಲಿ.