ಮಿಕ್ಸಿ ಸದ್ದಿಗೆ ಹೆದರಿ ದಿನವಿಡೀ ಇಯರ್‌ಪ್ಲಗ್ ಬೇಡ

ಕಿವಿಯೊಳಗಿನ ಗುಂಯ್ ಸದ್ದಿನ ಜೊತೆ ಮಿಕ್ಸಿ, ಕುಕ್ಕರ್ ಸೀಟಿಯೂ ಚುಚ್ಚುತ್ತದೆ, ದಿನವಿಡೀ ಇಯರ್‌ಪ್ಲಗ್ ಹಾಕಿರಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಹೊರಗಿನ ಸದ್ದು ತಗ್ಗಿದಷ್ಟೂ ಮೆದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ಆಮೇಲೆ ಚಮಚ ತಟ್ಟೆಗೆ ತಾಗಿದರೂ ಬೆಚ್ಚಿಬೀಳುತ್ತೀರಿ. ಮಿಕ್ಸಿ ತಿರುಗುವ ಎರಡು ನಿಮಿಷ, ಪಟಾಕಿ, ಡ್ರಿಲ್ಲಿಂಗ್ ಇದ್ದಾಗ ಮಾತ್ರ ಹಾಕಿ, ಕೂಡಲೇ ತೆಗೆಯಿರಿ. ಮಿಕ್ಸಿಯ ಅಡಿಗೆ ರಬ್ಬರ್ ಮ್ಯಾಟ್ ಇಡಿ. ಟವೆಲ್ ಇಟ್ಟರೆ ತಳದ ಗಾಳಿಕಿಂಡಿ ಮುಚ್ಚಿ ಮೋಟರ್ ಬಿಸಿಯಾಗುತ್ತದೆ.

ರಾತ್ರಿ ಪೂರ್ತಿ ನಿಶ್ಶಬ್ದದಲ್ಲಿ ಮಲಗಬೇಡಿ. ಫ್ಯಾನ್ ಅಥವಾ ಮಳೆಯ ಸದ್ದು ಗುಂಯ್‌ಗಿಂತ ತುಸು ಕಡಿಮೆ ಇರಲಿ, ಎರಡೂ ಕೇಳಿಸಬೇಕು. ಗುಂಯ್ ಸದ್ದನ್ನು ಪೂರ್ತಿ ಮುಚ್ಚಿಬಿಟ್ಟರೆ ಮೆದುಳು ಅದನ್ನು ಕಡೆಗಣಿಸಲು ಕಲಿಯುವುದು ಕಷ್ಟವಾಗಬಹುದು.

ಸದ್ದು ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿಯಂತೆ ಬಡಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ದಿಢೀರನೆ ಕಿವಿ ಮಂದವಾದರೆ ಅವತ್ತೇ ಹೋಗಿ.